ಮೂರು ಬೆರಳಿನ ಇಟ್ಟಿಗೆ

ಬಿಸೇಸರ್ ಕಾಕಾ ಚಿಮಣಿಯ ಹೊಗೆ ನೋಡದೆ ಊಟಕ್ಕೆ ಕೂತವನಲ್ಲ. ತಟ್ಟೆ ಮುಂದೆ ಬಂದ ಮೇಲೂ ಒಮ್ಮೆ ಕತ್ತೆತ್ತಿ ನೋಡುತ್ತಿದ್ದ. ಹೊಗೆ ಕಪ್ಪಗೆ, ದಪ್ಪಗೆ ಏಳುತ್ತಿದ್ದರೆ "ಅದು ಉಣ್ತಾ ಇದೆ, ಇನ್ನು ನಾವೂ ಉಣ್ಣೋಣ" ಎಂದು ರೊಟ್ಟಿ ಮುರಿಯುತ್ತಿದ್ದ. ಹೊಗೆ ತೆಳುವಾಗಿದ್ದರೆ ತಟ್ಟೆಯನ್ನು ಹಾಗೇ ಬಿಟ್ಟು, ಮರದ ಹಾವುಗೆ ಮೆಟ್ಟಿಕೊಂಡು ಭಟ್ಟಿಯ ಮೇಲಕ್ಕೆ ಹೋಗಿಬಿಡುತ್ತಿದ್ದ. ಆವತ್ತು ರೊಟ್ಟಿ ನಾಯಿಯ ಪಾಲು.

ನಾವು ಆರು ಜನ, ಎಲ್ಲರೂ ಉತ್ತರ ಪ್ರದೇಶದ ಪ್ರತಾಪಗಢದ ಕಡೆ ಒಂದೇ ಕೇರಿಯವರು. ದೀಪಾವಳಿ ಕಳೆದು ಛಠ್ ಹಬ್ಬ ಮುಗಿಯುತ್ತಲೇ ರೈಲು ಹತ್ತಿ ಬಿಹಾರಕ್ಕೆ, ಗಂಡಕ್ ನದಿಯ ದಂಡೆಯಲ್ಲಿರುವ ನವಲ್ ಬಾಬುವಿನ ಇಟ್ಟಿಗೆ ಭಟ್ಟಿಗೆ ಬರುತ್ತೇವೆ. ಮಳೆ ಹಿಡಿಯುವ ಮೊದಲು ವಾಪಸು. ಮಣ್ಣು ಕಲಸುವವರು ಬೇರೆ, ಹಸಿ ಇಟ್ಟಿಗೆ ಜೋಡಿಸುವವರು ಬೇರೆ, ಬೆಂದದ್ದನ್ನು ತೆಗೆದು ಹೊರುವವರು ಬೇರೆ. ನಮ್ಮದು ಬೆಂಕಿ ಮಾತ್ರ. ಬೆಂಕಿ ಒಂದು ಕಡೆ ನಿಲ್ಲುವುದಿಲ್ಲ, ಸಾಲಿನಿಂದ ಸಾಲಿಗೆ ನಡೆಯುತ್ತ ಹೋಗುತ್ತದೆ. ನಾವು ಅದರ ನೆತ್ತಿಯ ಮೇಲೆ ನಿಂತು, ಕಬ್ಬಿಣದ ಮುಚ್ಚಳಗಳನ್ನು ಕೊಕ್ಕೆಯಿಂದ ಎತ್ತಿ, ತೂತುಗಳೊಳಗೆ ಕಲ್ಲಿದ್ದಲಿನ ಪುಡಿ ಸುರಿಯಬೇಕು. ಬೆಂದ ಸಾಲು ಆರಿ ಹೊರಗೆ ಬರುವುದಕ್ಕೆ ಎಂಟು ದಿನ. ಆ ಎಂಟು ದಿನ ಒಳಗೆ ಏನಾಗಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಬೆಂಕಿ ಕಾಯುವವನ ಹೊಟ್ಟೆಯೊಳಗಿನ ಸಂಕಟ ಎಂದರೆ ಆ ಎಂಟು ದಿನ.

ಕಾಕಾ ಮೂವತ್ತೆಂಟು ಹಂಗಾಮು ಈ ಸಂಕಟ ತಿಂದವನು. ವಯಸ್ಸು ಐವತ್ತೇಳೋ ಐವತ್ತೆಂಟೋ, ಅವನಿಗೂ ಸರಿಯಾಗಿ ಗೊತ್ತಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹೆಣ್ಣುಮಕ್ಕಳಿಬ್ಬರನ್ನೂ ಮದುವೆ ಮಾಡಿ ಕಳಿಸಿದ್ದಾನೆ. ಹೆಂಡತಿ ಸುಗನಾ ಒಣಗಿಸಿ ಕೊಟ್ಟ ನೆಲ್ಲಿಕಾಯಿಯ ಗಂಟು ಸದಾ ಸೊಂಟದಲ್ಲಿ. ಕೆಮ್ಮು ಬಂದಾಗ ಒಂದು ಬಾಯಿಗೆ ಹಾಕಿಕೊಳ್ಳುತ್ತಾನೆ. ಬೆಂಕಿ ಉಣಿಸುವುದಕ್ಕೆ ಅವನದೇ ಲೆಕ್ಕವಿತ್ತು. ದೊಡ್ಡ ಸೌಟಿನಲ್ಲಿ ಜೋಡಿಯಾಗಿ ನಿಂತು ಬಡಬಡನೆ ಸುರಿಯುವುದು, ಮುಚ್ಚಳ ಹಾಕುವುದು, ಬೀಡಿ ಹಚ್ಚಿಕೊಂಡು ಚಿಮಣಿ ನೋಡುವುದು. ಬೀಡಿ ಮುಗಿಯುವ ತನಕ ಕಪ್ಪು ಹೊಗೆ ಬಂದರೆ ಹೊಟ್ಟೆ ತುಂಬಿತು. ಮೊದಲೇ ನಿಂತರೆ ಇನ್ನೂ ನಾಲ್ಕು ಸೌಟು. ಹತ್ತೊಂಬತ್ತು ವರ್ಷ ನಾನೂ ಹಾಗೇ ಮಾಡಿದೆ. ಇಟ್ಟಿಗೆ ಕೆಂಪಗೇ ಬರುತ್ತಿತ್ತು.

ನಮ್ಮವರಲ್ಲಿ ಒಂದು ಪದ್ಧತಿಯಿದೆ. ಹಂಗಾಮಿನ ಮೊದಲ ದಿನ ಪ್ರತಿಯೊಬ್ಬನೂ ಹಸಿ ಇಟ್ಟಿಗೆಗಳ ಮೇಲೆ ತನ್ನ ಗುರುತು ಒತ್ತಿ, ಅಡುಗೆಯ ಒಲೆಯಲ್ಲಿ ಸುಟ್ಟು ಇಟ್ಟುಕೊಳ್ಳುತ್ತಾನೆ. ಕಾಕಾನದು ಮೂರು ಬೆರಳು, ನನ್ನದು ಹೆಬ್ಬೆಟ್ಟು. ಪಾಳಿ ಮುಗಿದಾಗ ತಾನು ಉಣಿಸಿದ ಸಾಲಿನ ತುದಿಯ ಗೋಡೆಯ ಮೇಲೆ ಆ ಇಟ್ಟಿಗೆಯನ್ನು ನಿಲ್ಲಿಸಿ ಇಳಿಯಬೇಕು. ಎಂಟು ದಿನದ ಮೇಲೆ ಸಾಲು ತೆರೆದಾಗ ಅದು ಯಾರ ಬೆಂಕಿ ಎಂದು ಕೇಳಬೇಕಾಗಿಲ್ಲ. ಸಾಲು ಕೆಟ್ಟಿದ್ದರೆ ಆವತ್ತು ಆತ ಎಲ್ಲರಿಗೂ ಬಡಿಸಿ ಕೊನೆಗೆ ತಾನು ಊಟ ಮಾಡಬೇಕು. ಅಷ್ಟೇ ಶಿಕ್ಷೆ. ಆದರೆ ಐವರು ನುಂಗುವುದನ್ನು ನೋಡುತ್ತ ನಿಲ್ಲುವುದು ಸಣ್ಣ ಶಿಕ್ಷೆಯಲ್ಲ.

ಈ ಸಲ ಬಂದು ನೋಡಿದರೆ ಭಟ್ಟಿಯ ಹೊಟ್ಟೆಯೇ ಬದಲಾಗಿತ್ತು. ಹೊಗೆಯುಗುಳುವ ಹಳೇ ಭಟ್ಟಿಗಳು ನಡೆಯುವಂತಿಲ್ಲ ಎಂದು ಸರ್ಕಾರದ ಆದೇಶ. ನವಲ್ ಬಾಬು ಮಳೆಗಾಲದಲ್ಲೇ ಗೋಡೆ ಒಡೆಸಿ ಜಿಗ್‌ಜಾಗ್ ಭಟ್ಟಿ ಮಾಡಿಸಿದ್ದ. ಒಳಗೆ ಇಟ್ಟಿಗೆಯನ್ನು ಗಾಳಿ ಹಾವಿನ ಹಾಗೆ ಅಂಕುಡೊಂಕಾಗಿ ಹರಿಯುವಂತೆ ಜೋಡಿಸಿದ್ದರು. ಪಕ್ಕದ ಭಟ್ಟಿಯವನು ಬದಲಾಯಿಸಲಾರದೆ ಬಾಗಿಲು ಹಾಕಿದ್ದ. ಅಲ್ಲಿಯ ಬೆಂಕಿ ಮಿಸ್ತ್ರಿ, ಕಾಕಾನಷ್ಟೇ ಹಳಬ, ಹಾಜೀಪುರ ಸ್ಟೇಷನ್ನಿನ ಹೊರಗೆ ಬಾಳೆಹಣ್ಣು ಮಾರುತ್ತ ಕೂತಿದ್ದನ್ನು ನಾವು ಬರುವಾಗಲೇ ಕಂಡಿದ್ದೆವು. ಕಾಕಾ ಅವನ ಹತ್ತಿರ ಹಣ್ಣು ಕೊಂಡ. ತಿನ್ನಲಿಲ್ಲ.

ನವಲ್ ಬಾಬು ನಮ್ಮನ್ನು ಕೂರಿಸಿ ಹೇಳಿದ: "ನೋಡು ಮಿಸ್ತ್ರಿ, ನೀನು ಹಳಬ, ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ಇದು ಹೊಸ ವಿದ್ಯೆ. ತರಬೇತಿ ಆದೋರ ತಂಡಾನೇ ಬೇರೆ ಸಿಗ್ತಾ ಇದೆ. ಮೊದಲ ಅರವತ್ತು ಸಾಲು ಕೊಡ್ತೀನಿ. ಕಲಿಸೋಕೆ ರಾಯಬರೇಲಿಯಿಂದ ಇದ್ರೀಸ್ ಬಂದಿದಾನೆ. ಅವನು ಹೇಳಿದ ಹಾಗೆ ಉಣಿಸಿ. ಇಟ್ಟಿಗೆ ಸರಿ ಬಂದ್ರೆ ಇರಿ, ಇಲ್ದಿದ್ರೆ ಊರಿಗೆ ಹೋಗಿ."

"ಊರಿಗೆ ಹೋಗಿ ಏನ್ ಮಾಡೋದು ಬಾಬು?" ಎಂದ ಕಾಕಾ.

"ಅದನ್ನ ನನ್ನ ಕೇಳಿದ್ರೆ?"

ಹೊರುವ ಕೆಲಸ ಇದೆ, ಆದರೆ ಆ ಕೆಮ್ಮುವ ಎದೆ ಇಟ್ಟುಕೊಂಡು ಅವನು ಹನ್ನೆರಡು ಇಟ್ಟಿಗೆ ತಲೆಯ ಮೇಲೆ ಹೊತ್ತರೆ ಹದಿನೈದು ದಿನ ಬದುಕಿಯಾನೆ? ನನಗೆ ಮೈ ಉರಿಯಿತು. ಅದೇ ಬೆಂಕಿ, ಅದೇ ಕಲ್ಲಿದ್ದಲು. ಉಣಿಸುವ ರೀತಿ ಬದಲಾದರೆ ನಮ್ಮದು ಹೊಲಸು ಕೆಲಸ, ಅವರದು ಒಳ್ಳೇ ಕೆಲಸ.

ಇದ್ರೀಸನಿಗೆ ನಲವತ್ತರ ಆಸುಪಾಸು. ಅವನೂ ಬೆಂಕಿ ಕಾಯುವವನೇ, ಆದರೆ ಎಂಟನೇ ಕ್ಲಾಸು ಪಾಸಾಗಿ ಪ್ರಮಾಣಪತ್ರ ತೆಗೆದುಕೊಂಡವನು. ನಾವು ಗುರುತು ಒತ್ತುವಾಗ ಅವನೂ ಇಟ್ಟಿಗೆ ಕೇಳಿ ತೆಗೆದುಕೊಂಡು ಕಡ್ಡಿಯಿಂದ ಅದರ ಮೇಲೆ ತನ್ನ ಹೆಸರು ಬರೆದ.

"ಓದಿದೋರ ಇಟ್ಟಿಗೆ ಬೇಗ ಬೇಯುತ್ತಾ?" ಎಂದೆ.

"ಗೊತ್ತಿಲ್ಲ ಭೈಯಾ. ಓದಿದ್ರೆ ನೋಡ್ಬಹುದಿತ್ತು ನೀವೇ" ಎಂದ. ನಮ್ಮ ತಂಡದ ಘುರ್ಹು ನನ್ನತ್ತ ಬೆರಳು ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಜಗ್ಗು ತಲೆ ಮೇಲೂ ಒಂದು ಕಬ್ಬಿಣದ ಮುಚ್ಚಳ ಇಡ್ಬೇಕು ಕಣಯ್ಯ, ಯಾವಾಗಲೂ ಬಿಸಿ."

ಹೊಸ ವಿದ್ಯೆ ಇಷ್ಟು: ಜೋಡಿ ಇಲ್ಲ, ಒಬ್ಬನೇ. ಸಣ್ಣ ಸೌಟು, ಅಡುಗೆ ಮನೆಯದಕ್ಕಿಂತ ಸ್ವಲ್ಪ ದೊಡ್ಡದು. ನಿಲ್ಲದೆ, ಸ್ವಲ್ಪ ಸ್ವಲ್ಪವಾಗಿ, ಒಂದೊಂದೇ ತೂತಿಗೆ. ಆರು ತಾಸಿನ ಪಾಳಿಗೆ ಒಂದು ಸಾಲು, ದಿನಕ್ಕೆ ನಾಲ್ಕು. ಕಾಕಾನದು ಯಾವತ್ತೂ ಬೆಳಗಿನ ಪಾಳಿ. ಅವನಿಗಿಂತ ಮೊದಲಿನ ಪಾಳಿ ಇದ್ರೀಸನದು, ಆಮೇಲಿನದು ನನ್ನದು.

ಹೊಗೆ ಮಾತ್ರ ಬರಲಿಲ್ಲ.

ಚಿಮಣಿಯ ತುದಿಯಲ್ಲಿ ಮುದುಕರ ಕೂದಲಿನಂಥ ಒಂದು ಬಿಳಿ ಎಳೆ, ಅದೂ ಬಿಸಿಲೇರಿದರೆ ಕಾಣುತ್ತಿರಲಿಲ್ಲ. ಕಾಕಾ ಬೀಡಿ ಹಚ್ಚುತ್ತಿದ್ದ, ನೋಡುತ್ತಿದ್ದ, ಅರ್ಧಕ್ಕೇ ಆರಿಸಿ ಕಿವಿಗೆ ಸಿಕ್ಕಿಸುತ್ತಿದ್ದ. ಮೂರನೆಯ ದಿನಕ್ಕೆ ಎರಡು ಕಿವಿಯಲ್ಲೂ ಅರ್ಧರ್ಧ ಬೀಡಿ. ಊಟಕ್ಕೆ ಕೂರುತ್ತಿದ್ದ, ಕತ್ತೆತ್ತುತ್ತಿದ್ದ, ಎದ್ದುಬಿಡುತ್ತಿದ್ದ.

"ಲೋ ಜಗ್ಗು, ಅದು ಸತ್ತಿದೆ ಕಣೋ."

"ಮುಚ್ಚಳ ತೆಗೆದು ನೋಡಿದ್ಯಲ್ಲ ಕಾಕಾ, ಉರೀತಿದೆ."

"ಉರಿಯೋದು ಬೇರೆ, ಉಣ್ಣೋದು ಬೇರೆ. ಹಸಿದಿರೋ ಮಗೂನೂ ಕಣ್ಣು ಬಿಟ್ಕೊಂಡೇ ಇರುತ್ತೆ."

ನಾನೂ ಕತ್ತೆತ್ತಿ ಚಿಮಣಿ ನೋಡಿದೆ. ಯಾಕೆಂದರೆ ನನಗೂ ಹಾಗೇ ಅನ್ನಿಸುತ್ತಿತ್ತು.

ಏಳನೆಯ ದಿನ ಇಪ್ಪತ್ತನಾಲ್ಕನೆಯ ಸಾಲು ಮುಗಿಸಿ, ಅದರ ತುದಿಯಲ್ಲಿ ತನ್ನ ಹೆಸರಿನ ಇಟ್ಟಿಗೆ ನಿಲ್ಲಿಸಿ, ಇದ್ರೀಸ್ ಬೆಳಿಗ್ಗೆಯೇ ಬೇರೆ ಭಟ್ಟಿ ನೋಡಿ ಬರಲು ಸಮಸ್ತೀಪುರಕ್ಕೆ ಹೋದ. ಸಂಜೆಗೆ ಬರುತ್ತೇನೆ ಎಂದಿದ್ದ. ಇಪ್ಪತ್ತೈದನೆಯ ಸಾಲು ಕಾಕಾನದು. ನಾನು ಕೆಳಗೆ ತಿನ್ನಲು ಹುರಿಗಡಲೆ ಹಿಟ್ಟು ಕಲಸಿಕೊಳ್ಳುತ್ತಿದ್ದೆ. ನೆಲದ ಮೇಲೆ ನೆರಳು ಓಡಾಡಿದಂತಾಗಿ ತಲೆ ಎತ್ತಿದೆ. ಚಿಮಣಿಯಿಂದ ಹೊಗೆ ಏಳುತ್ತಿತ್ತು. ಎಮ್ಮೆಯ ಬೆನ್ನಿನಷ್ಟು ಕಪ್ಪು.

ಮೇಲೆ ಓಡಿದೆ. ಕಾಕಾ ತನ್ನ ಹಳೇ ದೊಡ್ಡ ಸೌಟು ಹಿಡಿದು ನಿಂತಿದ್ದ. ಊರಿನ ಕಮ್ಮಾರ ಮಾಡಿಕೊಟ್ಟದ್ದು, ಹಿಡಿಗೆ ಹಳೇ ಸೀರೆಯ ಚೂರು ಸುತ್ತಿದ್ದು. ಕಲ್ಲಿದ್ದಲಿನ ರಾಶಿಯ ಮೇಲಿನ ತಾಡಪತ್ರಿಯ ಕೆಳಗೆ ಬಚ್ಚಿಟ್ಟಿದ್ದನಂತೆ. ಕಿವಿಯಲ್ಲಿದ್ದ ಅರ್ಧ ಬೀಡಿಗಳೆಲ್ಲ ಖಾಲಿ. ಒಂದನ್ನು ಸೇದುತ್ತ ಚಿಮಣಿ ನೋಡುತ್ತಿದ್ದ. ಆರೇಳು ದಿನದಲ್ಲಿ ಮೊದಲ ಸಲ ಆ ಮುಖ ಸಡಿಲಾಗಿತ್ತು.

"ನೋಡೋ," ಎಂದ. "ಉಣ್ತು."

ನಾನು ಬೈಯಬೇಕಿತ್ತು. ಕಲ್ಲಿಗೂ ಬೈಯುವ ಬಾಯಿ ನನ್ನದು, ಆವತ್ತು ತೆರೆಯಲಿಲ್ಲ. ನನ್ನ ಎದೆಯೂ ಹಗುರಾಗಿತ್ತು, ಸುಳ್ಳು ಯಾಕೆ ಹೇಳಲಿ. ಮಧ್ಯಾಹ್ನ ಕಾಕಾ ಮೂರು ಬೆರಳಿನ ಇಟ್ಟಿಗೆ ನಿಲ್ಲಿಸಿ ಇಳಿದು ಹೋಗಿ ನಾಲ್ಕು ರೊಟ್ಟಿ ತಿಂದ.

ಪಾಳಿ ನನ್ನದಾಯಿತು. ಇಪ್ಪತ್ತೈದರ ಒಂದು ಮುಚ್ಚಳ ಎತ್ತಿದೆ. ಒಳಗೆ ಕೆಂಪು ಇರಲಿಲ್ಲ, ಹಳದಿ ಇರಲಿಲ್ಲ. ಮಧ್ಯಾಹ್ನದ ಸೂರ್ಯನ ಹಾಗೆ ಬೆಳ್ಳಗೆ ಕಣ್ಣು ಕುಕ್ಕಿತು. ಇಟ್ಟಿಗೆಗಳು ಬೆವರಿದಂತೆ ಹೊಳೆಯುತ್ತಿದ್ದವು. ಇಟ್ಟಿಗೆ ಬೆವರಿದರೆ ಕರಗಿ ಒಂದಕ್ಕೊಂದು ಅಂಟುತ್ತದೆ, ಆಮೇಲೆ ಅದು ಇಟ್ಟಿಗೆಯಲ್ಲ, ಕರೀ ಬಂಡೆ. ಮುಚ್ಚಳ ಕೈ ಜಾರಿ ಬಿತ್ತು. ಇದು ಎಂಟು ದಿನದ ಮೇಲೆ ನವಲ್ ಬಾಬುವಿನ ಕಣ್ಣಿಗೆ ಬೀಳುತ್ತದೆ, ಆವತ್ತೇ ಕಾಕಾನಿಗೆ ಊರಿನ ರೈಲು.

ಆಗ ನನಗೆ ಬಂದ ಸಿಟ್ಟು ಕಾಕಾನ ಮೇಲಲ್ಲ, ಇದ್ರೀಸನ ಮೇಲೆ. ಅರ್ಧ ಕಲಿಸಿ ಊರು ತಿರುಗಲು ಹೋದ ಬಡ್ಡೀಮಗ. ಹಿಂದು ಮುಂದು ನೋಡಲಿಲ್ಲ. ಇಪ್ಪತ್ತನಾಲ್ಕರ ತುದಿಯಲ್ಲಿದ್ದ ಅವನ ಹೆಸರಿನ ಇಟ್ಟಿಗೆ ತಂದು ಇಪ್ಪತ್ತೈದಕ್ಕೆ ಇಟ್ಟೆ. ಕಾಕಾನ ಮೂರು ಬೆರಳನ್ನು ಇಪ್ಪತ್ತನಾಲ್ಕಕ್ಕೆ ಸರಿಸಿದೆ. ಎರಡು ಹೆಜ್ಜೆಯ ಕೆಲಸ. ನಮ್ಮ ಅಪ್ಪಂದಿರ ಕಾಲದಿಂದ ಯಾರೂ ಮಾಡದ ಕೆಲಸ.

ಸಂಜೆ ಇದ್ರೀಸ್ ಬಂದವನೇ ಮೇಲೆ ಹತ್ತಿದ. ಮುಚ್ಚಳ ಎತ್ತಿ ನೋಡಿದ, ಹಾಕಿದ. ಗೋಡೆಯ ಮೇಲಿನ ಇಟ್ಟಿಗೆ ನೋಡಿದ, ತನ್ನ ಹೆಸರು ಓದಿಕೊಂಡ. ನನ್ನನ್ನೂ ನೋಡಿದ. ಕೆಳಗಿಳಿದು ಕಾಕಾನ ಪಕ್ಕದಲ್ಲಿ ಕೂತು ತಂಬಾಕು ತಿಕ್ಕಿ ಕೊಟ್ಟ.

"ಕಾಕಾ, ಇವತ್ತು ಹೊಗೆ ಬಂದಿತ್ತಂತೆ. ಸಮಸ್ತೀಪುರದ ದಾರಿಯೋರೂ ಹೇಳಿದ್ರು."

"ಬಂತು," ಎಂದ ಕಾಕಾ. "ಉಣಿಸಿದೆ. ಪಾಪ ಹಸಿದಿತ್ತು."

"ಹೊಗೆ ಅಂದ್ರೆ ಏನು ಕಾಕಾ?"

"ಏನು ಅಂದ್ರೆ? ಬೆಂಕಿ ಉಂಡಿದ್ದಕ್ಕೆ ಗುರುತು."

"ಅಲ್ಲ. ಬೆಂಕಿ ತಿನ್ನಲಾರದೆ ಬಿಟ್ಟ ಕಲ್ಲಿದ್ದಲು ಅದು. ಎಂಜಲು. ಒಂದೇ ಸಲ ಬಾಯಿಗೆ ತುರುಕಿದ್ರೆ ಅರ್ಧ ಹೊರಗೆ ಚೆಲ್ಲುತ್ತೆ, ಅರ್ಧ ಒಳಗೆ ಸುಡುತ್ತೆ. ಸ್ವಲ್ಪ ಸ್ವಲ್ಪ ಕೊಟ್ರೆ ಪೂರ್ತಿ ತಿಂದು ತಟ್ಟೆ ನೆಕ್ಕುತ್ತೆ. ತಟ್ಟೆ ಖಾಲಿ ಇದೆ ಅಂತ ಹಸಿದಿದೆ ಅಂದ್ಕೊಂಡ್ರೆ ಹೇಗೆ?"

ಕಾಕಾ ಚಿಮಣಿಯತ್ತ ಕತ್ತೆತ್ತಿದ. ಅಂಗೈಯ ತಂಬಾಕು ಹಾಗೇ ಇತ್ತು. ಆಮೇಲೆ ಕೇಳಿದ, "ಹಾಗಾದ್ರೆ ಮೂವತ್ತೆಂಟು ವರ್ಷ ನಾನು ನೋಡ್ತಿದ್ದಿದ್ದು ಎಂಜಲಾ?"

ಇದ್ರೀಸ್ ಸಣ್ಣ ಸೌಟನ್ನು ತಂದು ಅವನ ಪಕ್ಕದಲ್ಲಿಟ್ಟ.

ಮರುದಿನ ಬೆಳಿಗ್ಗೆ ಕಾಕಾ ಹೆಗಲ ವಸ್ತ್ರ ಗಮ್ಛಾವನ್ನು ತಲೆಗೆ ಸುತ್ತದೆ, ಮುಖದ ಬಲಗಡೆ ಗಾಡಿ ಕುದುರೆಯ ಕಣ್ಪಟ್ಟಿಯ ಹಾಗೆ ಇಳಿಬಿಟ್ಟು ಕಟ್ಟಿಕೊಂಡ. ಚಿಮಣಿ ಕಾಣಬಾರದು. ಬೀಡಿ ಮುಟ್ಟಲಿಲ್ಲ. ಸಣ್ಣ ಸೌಟು, ಒಂದೊಂದೇ ತೂತು, ಒಳಗಿನ ಬಣ್ಣ ನೋಡುವುದು, ಮುಂದೆ ಹೋಗುವುದು. ಘುರ್ಹು ಕೆಳಗಿನಿಂದ "ಏನ್ ಕಾಕಾ, ಹೊಸ ಸೊಸೆ ಥರ ಮರೆ ಮಾಡ್ಕೊಂಡಿದೀಯಾ?" ಎಂದರೆ "ಅತ್ತೆ ಮೇಲೆ ನಿಂತಿದಾಳೆ ಕಣೋ" ಎಂದು ಚಿಮಣಿಯತ್ತ ಬೆನ್ನು ಮಾಡಿ ಹೇಳಿದ. ಎಲ್ಲರೂ ನಕ್ಕರು.

ಆ ಎಂಟು ದಿನ ನನಗೆ ಅನ್ನ ರುಚಿಸಲಿಲ್ಲ. ಹಿಂದಿನಿಂದ ಸಾಲು ತೆಗೆಯುವವರು ಬರುತ್ತಿದ್ದರು. ಅವರ ಮುಂದಾಳು ರಾಂಚಿ ಕಡೆಯ ಫುಲ್ಮನಿ. ಪ್ರತಿ ಸಾಲು ತೆರೆದಾಗಲೂ ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ಬಡಿಯುತ್ತಾಳೆ. ಚೆನ್ನಾಗಿ ಬೆಂದದ್ದು ಕಂಚಿನ ಹಾಗೆ ಠಣ್ ಅನ್ನುತ್ತದೆ. ಹತ್ತನೇ ಸಾಲು ಠಣ್. ಹದಿನಾಲ್ಕು ಠಣ್. ಹದಿನೆಂಟು. ಒಂದೊಂದು ಸದ್ದೂ ಹತ್ತಿರವಾಗುತ್ತಿತ್ತು. ಇದ್ರೀಸ್ ಮಾತ್ರ ಏನೂ ಆಗದವನ ಹಾಗೆ ಇದ್ದ. ಒಮ್ಮೆ ನನ್ನ ಪಕ್ಕ ಹಾದುಹೋಗುವಾಗ, "ಜಗ್ಗು ಭೈಯಾ, ನನ್ನ ಕೈಬರಹ ಚೆನ್ನಾಗಿದೆ ಅಲ್ವಾ? ದೂರದಿಂದಾನೂ ಕಾಣುತ್ತೆ" ಎಂದ. ನನ್ನ ಕಿವಿ ಸುಟ್ಟಿತು. ಹಿಂದಕ್ಕೆ ಸರಿಸಿ ಇಡಬಹುದಿತ್ತು. ಇಡಲಿಲ್ಲ. ಇಟ್ಟರೆ ಕಾಕಾ ಹೋಗುತ್ತಾನೆ, ಇಡದಿದ್ದರೆ ಇವನು.

ಇಪ್ಪತ್ತೈದು ತೆರೆದ ದಿನ ನವಲ್ ಬಾಬು ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಇಪ್ಪತ್ತನಾಲ್ಕು ಠಣ್ ಎಂದಿತು. "ಶಹಬ್ಬಾಸ್ ಮಿಸ್ತ್ರಿ" ಎಂದ, ಗೋಡೆಯ ಮೇಲಿನ ಮೂರು ಬೆರಳು ನೋಡಿ. ಕಾಕಾ ಹುಬ್ಬು ಗಂಟಿಕ್ಕಿದ. ಫುಲ್ಮನಿ ಮುಂದಿನ ಸಾಲಿಗೆ ಕೈ ಹಾಕಿ ಎಳೆದಳು. ಬರಲಿಲ್ಲ. ಇನ್ನೊಬ್ಬಳು ಎಳೆದಳು. ಹಾರೆ ತಂದರು. ಒಳಗಿನಿಂದ ಬಂದದ್ದು ಮಂಚದಷ್ಟು ದೊಡ್ಡ ಕರೀ ಗಡ್ಡೆ. ಗಾಜಿನ ಹಾಗೆ ಹೊಳೆಯುತ್ತಿತ್ತು.

"ಇದಕ್ಕೆ ಮನೆ ಕಟ್ಟೋಕಾಗಲ್ಲ ಬಾಬು, ಸಮಾಧಿ ಕಟ್ಟಬಹುದು" ಎಂದಳು ಫುಲ್ಮನಿ.

ನವಲ್ ಬಾಬು ಎದ್ದು ಗೋಡೆಯ ಮೇಲಿನ ಹೆಸರು ಓದಿದ. "ಇದ್ರೀಸ್? ಕಲಿಸೋಕೆ ಬಂದೋನು ನೀನಲ್ವಾ?"

ಇದ್ರೀಸ್ ನನ್ನನ್ನೇ ನೋಡುತ್ತಿದ್ದ.

ಕಾಕಾ ಬಂದ. ಬಗ್ಗಿ ಕರೀ ಗಡ್ಡೆಯನ್ನು ಮುಟ್ಟಿದ. ಗೋಡೆಯ ಮೇಲಿನ ಎರಡು ಇಟ್ಟಿಗೆಗಳನ್ನು ನೋಡಿದ. ಒಮ್ಮೆ ನನ್ನ ಕಡೆ ತಿರುಗಿದ. ಅವನಿಗೆ ತಿಳಿದುಹೋಯಿತು. ತನ್ನ ಮೂರು ಬೆರಳಿನದನ್ನು ಎತ್ತಿಕೊಂಡು ಬಂದು ಇಪ್ಪತ್ತೈದರ ತುದಿಗೆ ಇಟ್ಟ. ಇದ್ರೀಸನ ಇಟ್ಟಿಗೆಯನ್ನು ಗಮ್ಛಾದಿಂದ ಒರೆಸಿ ಇಪ್ಪತ್ತನಾಲ್ಕಕ್ಕೆ ಇಟ್ಟ.

"ಇದು ನನ್ನ ಬೆಂಕಿ, ಬಾಬು. ದೊಡ್ಡ ಸೌಟಿನಲ್ಲಿ ಹಾಕಿದೆ."

"ಮತ್ತೆ ಇಟ್ಟಿಗೆ ತಾನಾಗಿ ನಡ್ಕೊಂಡು ಹೋಯ್ತಾ?"

"ನಾನು ಬದಲಾಯಿಸಿದ್ದು," ಎಂದೆ. ಬೈದ ಹಾಗೆ ಕೇಳಿಸಿತು. "ಕಾಕಾನಿಗೇನೂ ಗೊತ್ತಿಲ್ಲ. ಏನ್ ಮಾಡ್ತೀರೋ ನನಗೆ ಮಾಡಿ."

ನವಲ್ ಬಾಬು ಚಪ್ಪಲಿ ನೆಲಕ್ಕೆ ಉಜ್ಜುತ್ತ ನಿಂತ. ಕಳಿಸಿಬಿಡಿ ಎಂದು ಲೆಕ್ಕ ಬರೆಯುವ ಮುನ್ಷಿ ಅವನ ಕಿವಿಯಲ್ಲಿ ಹೇಳುತ್ತಿದ್ದುದು ಎಲ್ಲರಿಗೂ ಕೇಳಿಸಿತು. ಆಗ ಇದ್ರೀಸ್ ಬಾಯಿ ಬಿಟ್ಟ. "ಬಾಬು, ಈ ಸಾಲಾದ ಮೇಲೆ ಕಾಕಾ ಇನ್ನೂ ಎಂಟು ಸಾಲು ಉಣಿಸಿದಾರೆ. ಅವು ಆಗಲೇ ಬೆಂದಾಗಿದೆ. ತೆರೆದು ನೋಡಿ ಆಮೇಲೆ ಹೇಳಿ."

"ಆಯ್ತು," ಎಂದ ನವಲ್ ಬಾಬು. "ಇನ್ನೊಂದು ಕೆಟ್ಟರೆ ಆ ಗಳಿಗೇಲೇ ಹೊರಡ್ಬೇಕು. ಅಲ್ಲೀತನಕ ಮೇಲೆ ಹತ್ಬೇಡ ಮಿಸ್ತ್ರಿ."

ಆವತ್ತು ಮಧ್ಯಾಹ್ನ ನಾವಿಬ್ಬರೂ ಬಡಿಸಿದೆವು. ಕಾಕಾ ರೊಟ್ಟಿ, ನಾನು ಬೇಳೆ. ಕೊನೆಗೆ ಇಬ್ಬರಿಗೂ ತಿನ್ನಲು ಆಗಲಿಲ್ಲ. "ಯಾಕೋ ಹಾಗ್ ಮಾಡ್ದೆ?" ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಎಂಟು ಸಾಲು, ದಿನಕ್ಕೊಂದು. ಮೂವತ್ತೆಂಟು ವರ್ಷ ಭಟ್ಟಿಯ ಮೇಲೆ ನಿಂತವನು ಕೆಳಗೆ, ಫುಲ್ಮನಿಯ ಹೆಂಗಸರ ದಾರಿಯ ಪಕ್ಕ, ಉರುಳಿಸಿದ ಬುಟ್ಟಿಯ ಮೇಲೆ ಕೂತ. ಒಳಗೆ ಆಗಬೇಕಾದದ್ದು ಆಗಿಹೋಗಿತ್ತು, ಯಾರೂ ಇನ್ನು ಏನೂ ಮಾಡುವಂತಿರಲಿಲ್ಲ. ಇಪ್ಪತ್ತೊಂಬತ್ತು ಠಣ್. ಮೂವತ್ತಮೂರು ಠಣ್. ಮೂವತ್ತೇಳು. ನೆಲ್ಲಿಕಾಯಿಯ ಗಂಟು ಕರಗುತ್ತ ಬಂತು.

ನಲವತ್ತೊಂದರಲ್ಲಿ ಫುಲ್ಮನಿ ಬಡಿದದ್ದು ಠಣ್ ಅನ್ನಲಿಲ್ಲ. ಮಡಕೆ ತಟ್ಟಿದ ಹಾಗೆ ಬೊದ್ ಎಂದು ಕೇಳಿತು. ಹಳದಿ ಇಟ್ಟಿಗೆ, ಸರಿಯಾಗಿ ಬೇಯದ್ದು. ಕಾಕಾ ಎದ್ದು ನಿಂತ, ಗಮ್ಛಾ ಕೊಡವಿ ಹೆಗಲಿಗೆ ಹಾಕಿಕೊಂಡ. ಹೊರಡುವವರ ಹಾಗೆ. ಮುನ್ಷಿ ಬಾಬುವನ್ನು ಕರೆಯಲು ಓಡಿದ. ಇದ್ರೀಸ್ ಮೊಣಕಾಲೂರಿ ಸಾಲಿನೊಳಗೆ ಕೈ ಹಾಕಿ ಒಂದೊಂದೇ ಎಳೆದ. ಗೋಡೆಗೆ ತಾಗಿದ್ದ ಎರಡು ವರಸೆ ಮಾತ್ರ ಹಳದಿ. ಅದರಾಚೆ ಕೆಂಪು.

"ಗೋಡೆ ಬಿರುಕು ಬಿಟ್ಟಿದೆ, ಗಾಳಿ ನುಗ್ಗಿದೆ," ಎಂದ ಬಂದ ಬಾಬುವಿಗೆ. "ಹಿಂದಿನ ಸಾಲುಗಳಲ್ಲೂ ನೋಡಿ, ಇದೇ ಜಾಗದಲ್ಲಿ ಒಂದೊಂದು ಹಳದಿ ಇದೆ. ನನ್ನ ಸಾಲಲ್ಲೂ ಇದೆ. ಇದು ಗೋಡೆ ಕಟ್ಟಿದೋನು ಮಣ್ಣು ಮೆತ್ತಿದ್ದರ ತಪ್ಪು, ಬೆಂಕೀದಲ್ಲ."

ನವಲ್ ಬಾಬು ತಾನೇ ಬಗ್ಗಿ ನೋಡಿದ. ಬಿರುಕಿನಲ್ಲಿ ಬೆರಳು ಹೋಯಿತು. ಬಿರುಕು ಮೆತ್ತಿಸು ಎಂದು ಮುನ್ಷಿಗೆ ಹೇಳಿ ತಿರುಗಿ ಹೋದ. ಕಾಕಾ ಬುಟ್ಟಿಯ ಮೇಲೆ ಮತ್ತೆ ಕೂತ.

ನಲವತ್ತೈದು, ನಲವತ್ತೊಂಬತ್ತು, ಐವತ್ತಮೂರು. ಐವತ್ತೇಳನೆಯದನ್ನು ಫುಲ್ಮನಿ ಎರಡು ಸಲ ಬಡಿದಳು, ಬೇಕೆಂದೇ. "ಕಾಕಾ, ಕೇಳಿಸ್ತಾ? ಗುಡಿ ಗಂಟೆ ಕಟ್ಟಿದೀಯಲ್ಲ ಒಳಗೆ."

"ಈ ಹಂಗಾಮಿಗೆ ಇರು," ಎಂದ ನವಲ್ ಬಾಬು. ಹೋಗುವಾಗ ತಿರುಗಿ, "ಮುಂದಿನ ವರ್ಷ ಕಾಗದ ಕೇಳ್ತಾರೆ ಮಿಸ್ತ್ರಿ. ಪ್ರಮಾಣಪತ್ರ. ಅದು ನನ್ನ ಕೈಲಿಲ್ಲ" ಎಂದ. ಆ ಕಾಗದಕ್ಕೆ ಓದು ಬರಹ ಬೇಕೋ, ಕೈ ನೋಡಿ ಕೊಡುತ್ತಾರೋ, ಇದ್ರೀಸನಿಗೂ ಸರಿಯಾಗಿ ಗೊತ್ತಿಲ್ಲ. ಕೇಳಿ ಹೇಳುತ್ತೇನೆ ಎಂದಿದ್ದಾನೆ. ಬಿಡುವಿನ ಹೊತ್ತಿನಲ್ಲಿ ಬೂದಿಯ ಮೇಲೆ ಕಡ್ಡಿಯಿಂದ ಕಾಕಾನಿಗೆ ಅವನ ಹೆಸರಿನ ಮೊದಲ ಅಕ್ಷರ ಬರೆದು ತೋರಿಸಿದ. ಕಾಕಾ ಅದರ ಪಕ್ಕದಲ್ಲಿ ಮೂರು ಬೆರಳು ಒತ್ತಿ, "ಇದನ್ನ ಓದೋಕೆ ಬರಲ್ವಾ ಅವರಿಗೆ?" ಎಂದ.

ಮರುದಿನ ಬೆಳಗಿನ ಪಾಳಿ ಮುಗಿಸಿ ಅವನು ಊಟಕ್ಕೆ ಬಂದ. ಚಿಮಣಿಗೆ ಬೆನ್ನು ಹಾಕಿ ಕೂತ. ತಟ್ಟೆ ಮುಂದೆ ಬಂದರೂ ಕೈ ಹಾಕಲಿಲ್ಲ. ಕತ್ತಿನ ನರ ಎದ್ದು ನಿಂತಿತ್ತು. ತಿರುಗಲು ಹಾತೊರೆಯುತ್ತಿತ್ತು.

"ಜಗ್ಗು, ನೀನೇ ನೋಡಿ ಹೇಳೋ. ಏನಾದ್ರೂ ಬರ್ತಿದೆಯಾ?"

ನೋಡಿದೆ. ಬರೀ ಆಕಾಶ.

"ಏನೂ ಇಲ್ಲ ಕಾಕಾ."

"ಖಂಡಿತಾ?"

"ಖಂಡಿತಾ. ತಟ್ಟೆ ನೆಕ್ಕಿಬಿಟ್ಟಿದೆ."

ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಆಮೇಲೆ ರೊಟ್ಟಿ ಮುರಿದ.